ಬೀ ಅನ್ನುವುದು ಮನೆತನ, ಪಾಲಿನೇಟರ್ ಅನ್ನುವುದು ಕೆಲಸ

(ಬೆಂಗಳೂರಿನಲ್ಲಿ ತಾರಸಿ ತೋಟ ಮಾಡುವವರ ಮುಂದೆ ಆಡಿದ ಮಾತಿನ ಬರಹ ರೂಪ. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ಕೃಷಿ ಬರಹಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಇವತ್ತು ಎರಡು ಇಂಗ್ಲಿಷ್ ಪದಗಳ ಬಗ್ಗೆ ಮಾತಾಡುತ್ತೇನೆ. ಬೀ, ಅಂದರೆ ಜೇನಿನ ಬಳಗದ ಹುಳ, ಮತ್ತು ಪಾಲಿನೇಟರ್, ಅಂದರೆ ಹೂವಿಗೆ ಪರಾಗ ಮುಟ್ಟಿಸುವ ಜೀವಿ. ನರ್ಸರಿ ಬೋರ್ಡು, ಬೀಜದ ಪೊಟ್ಟಣ, ಔಷಧಿ ಬಾಟಲಿ, ವಾಟ್ಸಾಪ್ ಫಾರ್ವರ್ಡು, ಎಲ್ಲಿ ನೋಡಿದರೂ ಇವೆರಡೂ ಒಂದೇ ಅರ್ಥದಲ್ಲಿ ಓಡಾಡುತ್ತಿವೆ. ಇಂಗ್ಲಿಷಿನವರ ಗೊಂದಲ, ನಮಗೇನು ಅಂತ ಬಿಡಬಹುದಿತ್ತು. ಆದರೆ ಅದರಿಂದ ನಮ್ಮ ಬದನೆ ಗಿಡಕ್ಕೂ ತೊಂದರೆ ಆಗುತ್ತಿದೆ. ಅಲ್ಲಿಂದಲೇ ಶುರು ಮಾಡೋಣ.

ಈ ಮೇಜಿನ ಮೇಲೆ ಕುಂಡದಲ್ಲಿ ಒಂದು ಬದನೆ ಗಿಡ ಇದೆ. ಹಿಂದೆ ಕೂತವರು ಬೇಕಾದರೆ ಮುಂದೆ ಬನ್ನಿ. ಹೂವು ನೋಡಿ. ನೇರಳೆ ಎಸಳು, ನಡುವೆ ಒಟ್ಟಾಗಿ ನಿಂತ ಹಳದಿ ಕೊಳವೆಗಳು. ಪರಾಗ ಇರುವುದು ಆ ಹಳದಿ ಕೊಳವೆಗಳ ಒಳಗೆ. ಹೆಚ್ಚಿನ ಹೂಗಳಲ್ಲಿ ಪರಾಗದ ಚೀಲ ಉದ್ದಕ್ಕೆ ಸೀಳಿಕೊಂಡು ಪುಡಿ ಹೊರಗೆ ಬರುತ್ತದೆ. ಬದನೆಯಲ್ಲಿ ಹಾಗಲ್ಲ. ಚೀಲದ ತುದಿಯಲ್ಲಿ ಮಾತ್ರ ಸಣ್ಣ ತೂತು. ಬೆರಳಲ್ಲಿ ಸವರಿದರೆ ಏನೂ ಸಿಗುವುದಿಲ್ಲ. ಮೇಡಂ, ನೀವೇ ಮುಟ್ಟಿ ನೋಡಿ. ಇಲ್ಲ ಅಲ್ವಾ?

ಈಗ ಇದು ಶ್ರುತಿಕವೆ, ಟ್ಯೂನಿಂಗ್ ಫೋರ್ಕ್. ಹೈಸ್ಕೂಲಿನ ಲ್ಯಾಬಿನಲ್ಲಿ ಎಲ್ಲರೂ ಬಡಿದು ಕಿವಿ ಹತ್ತಿರ ಹಿಡಿದಿದ್ದೇವೆ. ಹೂವಿನ ಕೆಳಗೆ ಒಂದು ಕಪ್ಪು ಕಾಗದ ಇಡುತ್ತೇನೆ. ಕವೆಯನ್ನು ಮೊಣಕಾಲಿಗೆ ಬಡಿದು ಹಳದಿ ಭಾಗಕ್ಕೆ ಮೆಲ್ಲಗೆ ತಾಗಿಸುತ್ತೇನೆ. ನೋಡಿ. ಕಾಗದದ ಮೇಲೆ ಬಿದ್ದ ತಿಳಿ ಹಳದಿ ಪುಡಿಯೇ ಪರಾಗ.

ಕವೆ ಮಾಡಿದ ಈ ಕೆಲಸವನ್ನು ತೋಟದಲ್ಲಿ ಮಾಡುವುದು ದೊಡ್ಡ ಕರಿ ದುಂಬಿ, ಇಂಗ್ಲಿಷಿನಲ್ಲಿ ಕಾರ್ಪೆಂಟರ್ ಬೀ. ಅದು ಹೂವಿಗೆ ಜೋತುಬಿದ್ದು ಕೊಳವೆಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ರೆಕ್ಕೆ ಬಡಿಯದೆ, ರೆಕ್ಕೆಯ ಸ್ನಾಯುಗಳನ್ನು ಮಾತ್ರ ನಡುಗಿಸುತ್ತದೆ. ಇಡೀ ಹೂವು ಅದುರುತ್ತದೆ. ಕಿವಿಗೊಟ್ಟರೆ ಹಾರುವಾಗಿನ ಗುಂಯ್ ಸದ್ದು ನಿಂತು, ಇನ್ನೂ ಮೇಲಿನ ಸ್ಥಾಯಿಯ ಒಂದು ಚಿಕ್ಕ ಝೇಂಕಾರ ಕೇಳಿಸುತ್ತದೆ. ಪರಾಗ ದುಂಬಿಯ ಹೊಟ್ಟೆ ಮೇಲೆ ಉದುರುತ್ತದೆ. ನಮ್ಮಲ್ಲಿ ಇದೇ ವಿದ್ಯೆ ಗೊತ್ತಿರುವ ಇನ್ನೊಂದು ಕೀಟ ನೀಲಿ ಪಟ್ಟಿಯ ಸಣ್ಣ ಜೇನು. ನಿಮ್ಮ ತುಳಸಿ ಕಟ್ಟೆಯ ಹತ್ತಿರ ಬೆಳಗ್ಗೆ ಒಂದು ಕಡೆ ನಿಲ್ಲದೆ ಚುರುಕಾಗಿ ಓಡಾಡುತ್ತಿರುತ್ತದಲ್ಲ, ಅದು. ಟೊಮೇಟೊ, ಬದನೆ, ರಸ್ತೆ ಬದಿಯ ತಂಗಡಿ, ಇವೆಲ್ಲ ಹೀಗೆ ನಡುಗಿಸಿದರೆ ಪರಾಗ ಕೊಡುವ ಜಾತಿ.

ಜೇನು ಸಾಕುವವರ ಪೆಟ್ಟಿಗೆಯಲ್ಲಿರುವ ತುಡುವೆಗೆ ಈ ವಿದ್ಯೆ ಗೊತ್ತಿಲ್ಲ. ಹೆಜ್ಜೇನಿಗೂ ಗೊತ್ತಿಲ್ಲ. ಜೇನಿನ ಪೈಕಿ ಅತ್ಯಂತ ಹೆಸರುವಾಸಿಯಾದ ಎರಡೂ ಬದನೆ ಹೂವಿನ ಮುಂದೆ ಕೈಕಟ್ಟಿ ನಿಲ್ಲಬೇಕು.

ತಾರಸಿ ತೋಟದವರು ನನಗೆ ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ‘ಸರ್, ಬದನೆ ಹೂ ಬಿಡ್ತಿದೆ, ಕಾಯಿ ಕಚ್ತಿಲ್ಲ. ಒಂದು ಜೇನು ಪೆಟ್ಟಿಗೆ ತಂದಿಡಲಾ?’ ಇಡಿ, ಬೇಡ ಅನ್ನುವುದಿಲ್ಲ. ಜೇನುತುಪ್ಪ ಸಿಗಬಹುದು. ಬದನೆಗೆ ಮಾತ್ರ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ. ಗಾಳಿ ಗಿಡವನ್ನು ಅಲ್ಲಾಡಿಸಿದರೆ ಅಷ್ಟಿಷ್ಟು ಕಾಯಿ ಬರುತ್ತದೆ, ಅದೇ ಹೂವಿನ ಪರಾಗ ಅದೇ ಹೂವಿಗೆ ಸಾಕಾಗುತ್ತದೆ. ಜಾಸ್ತಿ ಬೇಕಾದರೆ ದುಂಬಿಗೆ ಗೂಡು ಕೊರೆಯಲು ಒಂದು ಒಣ ಮರದ ತುಂಡೋ ಬಿದಿರಿನ ಗಳವೋ ಇಡಿ. ‘ಬೀಗಳು ಪಾಲಿನೇಟರ್‌ಗಳು’ ಅಂತ ಇಂಗ್ಲಿಷಿನಲ್ಲಿ ಓದಿದವರಿಗೆ ಪೆಟ್ಟಿಗೆ ನೆನಪಾಗುತ್ತದೆ, ಒಣ ಮರದ ತುಂಡು ನೆನಪಾಗುವುದಿಲ್ಲ.

ಇದಕ್ಕೆ ಕಾರಣ ಇದೆ. ಇಂಗ್ಲಿಷಿನ ‘ಬೀ’ ಬಹಳ ದೊಡ್ಡ ಪದ. ವಿಜ್ಞಾನಿಗಳು ಈವರೆಗೆ ಹೆಸರಿಟ್ಟಿರುವ ಬೀ ಪ್ರಭೇದಗಳು 20,000ಕ್ಕೂ ಜಾಸ್ತಿ. ಅದರಲ್ಲಿ ‘ಹನಿ ಬೀ’ ಅನ್ನಿಸಿಕೊಳ್ಳುವ ಏಪಿಸ್ ಗುಂಪಿನವು ಹತ್ತು ಹನ್ನೊಂದು. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ರಾಣಿಯೂ ಇಲ್ಲ, ಜೇನುಹುಟ್ಟೂ ಇಲ್ಲ. ಒಂದು ಹೆಣ್ಣು, ಒಂದು ಬಿಲ, ಅಷ್ಟೇ ಸಂಸಾರ. ಆದರೆ ದಿನಬಳಕೆಯ ಇಂಗ್ಲಿಷಿನಲ್ಲಿ ಬೀ ಅಂದರೆ ಜೇನುತುಪ್ಪ ಮಾಡುವುದು ಅಂತಲೇ ಅರ್ಥ. ಮಕ್ಕಳ ಪುಸ್ತಕದ ಚಿತ್ರದಲ್ಲಿ ಪಕ್ಕದಲ್ಲೊಂದು ಜೇನುತುಪ್ಪದ ಜಾಡಿ ಇರಲೇಬೇಕು. ಕನ್ನಡದಲ್ಲಿ ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹುಳಕ್ಕೂ ತುಪ್ಪಕ್ಕೂ ಜೇನು ಅಂತಲೇ ಕರೆಯುತ್ತೇವೆ. ಅನುವಾದ ಮಾಡುವಾಗ ತುಪ್ಪ ಮಾಡದ ಜೇನಿಗೆ ಏನು ಹೇಳುವುದು ಅಂತ ತಲೆ ಕೆರೆದುಕೊಳ್ಳಬೇಕು.

‘ಪಾಲಿನೇಟರ್’ ಇನ್ನೊಂದು ರೀತಿಯ ಪದ. ಬೀ ಅನ್ನುವುದು ಮನೆತನದ ಹೆಸರು. ಹುಟ್ಟಿನಿಂದ ಬರುತ್ತದೆ, ಸಾಯುವವರೆಗೆ ಇರುತ್ತದೆ. ಪಾಲಿನೇಟರ್ ಅನ್ನುವುದು ಮಾಡುವ ಕೆಲಸದ ಹೆಸರು. ಒಂದು ಹೂವಿನ ಪರಾಗವನ್ನು ತಕ್ಕ ಹೆಣ್ಣು ಭಾಗಕ್ಕೆ ಮುಟ್ಟಿಸಿದರೆ ಆ ಹೆಸರು ಸಲ್ಲುತ್ತದೆ. ಮುಟ್ಟಿಸದಿದ್ದರೆ ಇಲ್ಲ. ಅದಕ್ಕೇ ಪಾಲಿನೇಟರ್ ಅನ್ನುವ ಪದ ಒಂಟಿಯಾಗಿ ನಿಲ್ಲಬಾರದು ಅಂತ ನನ್ನ ವಾದ. ಯಾರಾದರೂ ಆ ಪದ ಹೇಳಿದರೆ ‘ಯಾವ ಹೂವಿಗೆ?’ ಅಂತ ಕೇಳಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಈ ಊರಿನ ಕಾಂಪೌಂಡುಗಳ ಪಕ್ಕ ಟೆಕೋಮಾ ಅಂತ ಒಂದು ಗಿಡ ತುಂಬಾ ಇದೆ. ಹಳದಿ, ಗಂಟೆ ಆಕಾರದ ಹೂ. ಅದರ ಮುಂದೆ ಒಂದಷ್ಟು ಹೊತ್ತು ನಿಲ್ಲಿ. ಬದನೆ ಹೂವಿನಲ್ಲಿ ಅಷ್ಟೊಂದು ನಿಯತ್ತಾಗಿ ದುಡಿದ ಅದೇ ಕರಿ ದುಂಬಿ ಇಲ್ಲಿಗೂ ಬರುತ್ತದೆ. ಗಂಟೆಯ ಬಾಯೊಳಗೆ ಹೋಗುವುದಿಲ್ಲ. ಹೂವಿನ ಹೊರಗೆ, ಬುಡದ ಹತ್ತಿರ ಕೂರುತ್ತದೆ. ಅಲ್ಲಿ ಒಂದು ಸೀಳು ಹಾಕಿ ಮಕರಂದ ಹೀರಿ ಹೊರಟುಬಿಡುತ್ತದೆ. ಪರಾಗವನ್ನು ಮುಟ್ಟುವುದೇ ಇಲ್ಲ. ಬಿದ್ದ ಹೂಗಳನ್ನು ಎತ್ತಿ ನೋಡಿದರೆ ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿದ ಆ ಸೀಳು ಕಾಣುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ನೆಕ್ಟರ್ ರಾಬಿಂಗ್’ ಅನ್ನುತ್ತಾರೆ, ಅಂದರೆ ಮಕರಂದ ದರೋಡೆ. ಹುಳ ಅದೇ, ಬೆಳಗ್ಗೆ ಅದೇ. ಬದನೆಗೆ ಪಾಲಿನೇಟರ್, ಟೆಕೋಮಾಕ್ಕೆ ಕಳ್ಳ.

ಇನ್ನು ಕುಕೂ ಬೀ ಅಂತ ಕೆಲವು ಇವೆ. ಕೋಗಿಲೆ ಬುದ್ಧಿಯವು. ಬೇರೆ ಜೇನುಗಳು ಮರಿಗಾಗಿ ಕೂಡಿಟ್ಟ ಪರಾಗದ ಉಂಡೆ ಮೇಲೆ ತಮ್ಮ ಮೊಟ್ಟೆ ಇಟ್ಟು ಹೋಗುತ್ತವೆ. ಇವು ಹೂವಿಗೆ ಹೋಗುವುದು ತಮ್ಮ ಹೊಟ್ಟೆ ಪಾಡಿಗೆ ಮಾತ್ರ, ಪರಾಗ ಹೊತ್ತು ತರುವ ರಗಳೆಯೇ ಇಲ್ಲ. ಮನೆತನದಿಂದ ಪಕ್ಕಾ ಬೀ, ಕೆಲಸದಲ್ಲಿ ಅಷ್ಟಕ್ಕಷ್ಟೆ.

ಅತ್ತ ಕಡೆ, ಬೀ ಅಲ್ಲದೆ ಈ ಕೆಲಸ ಮಾಡುವವರ ಸಾಲು ದೊಡ್ಡದು. ಕೋಲಾರ, ರಾಮನಗರದ ಮಾವಿನ ತೋಪಿಗೆ ಹೂ ಬಿಟ್ಟಾಗ ಹೋಗಿ. ಗೊಂಚಲಿನ ಮೇಲೆ ಜೇನಿಗಿಂತ ನೊಣಗಳೇ ಎದ್ದು ಕಾಣುತ್ತವೆ. ಕಸದ ಮೇಲೆ ಕೂರುವ ಹಸಿರು ನೊಣವೂ ಅದರಲ್ಲಿ ಸೇರಿದೆ. ಬಾದಾಮಿ, ರಸಪುರಿ ತಿನ್ನುವಾಗ ಈ ವಿಷಯ ನೆನೆಸಿಕೊಳ್ಳಬೇಡಿ, ಅಷ್ಟೇ. ಸೀತಾಫಲದ ಹೂವು ತಲೆಕೆಳಗಾಗಿ ನೇತಾಡುತ್ತದೆ, ಎಸಳು ದಪ್ಪ, ಸರಿಯಾಗಿ ಅರಳುವುದೂ ಇಲ್ಲ. ಅದರ ಸಂದಿಗೆ ತೂರುವುದು ಎಳ್ಳಿನಷ್ಟು ಸಣ್ಣ ಜೀರುಂಡೆಗಳು. ಸೋರೆ, ಪಡವಲ ಸಂಜೆ ಮೇಲೆ ಅರಳುತ್ತವೆ, ಅವುಗಳ ಗಿರಾಕಿ ರಾತ್ರಿ ಹಾರುವ ಪತಂಗ. ಇಪ್ಪೆ ಮರಕ್ಕೆ ಬಾವಲಿ. ಮುತ್ತುಗದ ಹೂವಿಗೆ ಹಕ್ಕಿಗಳು, ಕೆಲವು ಕಡೆ ಅಳಿಲು ಕೂಡ.

ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಕೋಕೋ ಬೆಳೆಯುತ್ತಾರೆ. ಕೋಕೋ ಹೂವಿಗೆ ಬರುವುದು ಗುಂಗುರಿನಷ್ಟು ಸಣ್ಣ ನೊಣ. ಕೊಳೆತ ಎಲೆ, ಕೋಕೋ ಸಿಪ್ಪೆಯ ರಾಶಿ, ಬಾಳೆ ದಿಂಡು, ಇಂಥ ತೇವದ ಕಸದಲ್ಲಿ ಅದು ಮರಿ ಮಾಡುತ್ತದೆ. ತೋಟ ಚೊಕ್ಕಟವಾಗಿರಲಿ ಅಂತ ಕಸ ಗುಡಿಸಿ ಸುಟ್ಟರೆ ಚಾಕೊಲೇಟಿಗೇ ಕಲ್ಲು ಬಿತ್ತು.

ಅತ್ತಿ ಹಣ್ಣು ಬಿಡಿಸಿ ನೋಡಿದರೆ ಬರೀ ಹುಳ ಅಂತ ಗಾದೆ ಇದೆಯಲ್ಲ. ಅದನ್ನು ನಾವು ಬಯ್ಯುವುದಕ್ಕೆ ಬಳಸುತ್ತೇವೆ. ನಿಜವಾಗಿ ಆ ಹುಳ ಇಲ್ಲದಿದ್ದರೆ ಅತ್ತಿಗೆ ಬೀಜವೇ ಇಲ್ಲ. ಹೂಗಳು ಇರುವುದು ಕಾಯಿಯ ಒಳಗೆ. ಒಂದು ಪುಟ್ಟ ಕಣಜ ತುದಿಯ ಕಿಂಡಿಯಿಂದ ಒಳಗೆ ನುಗ್ಗಿ ಪರಾಗ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಆದರೆ ಅದೇ ಕಾಯಿಯಲ್ಲಿ ಪರಾಗದ ಗೊಡವೆಗೇ ಹೋಗದೆ, ಹೊರಗಿನಿಂದ ಚುಚ್ಚಿ ಮೊಟ್ಟೆ ಮಾತ್ರ ಇಡುವ ಬೇರೆ ಕಣಜಗಳೂ ಬೆಳೆಯುತ್ತವೆ. ನಮ್ಮ ಐಐಎಸ್‌ಸಿಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ತಂಡ ಈ ಅತ್ತಿ–ಕಣಜಗಳ ನಂಟನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಒಂದೇ ಕಾಯಿ, ಎರಡೂ ಕಣಜವೇ. ಒಂದಕ್ಕೆ ಪಾಲಿನೇಟರ್ ಹೆಸರು ಸಲ್ಲುತ್ತದೆ, ಇನ್ನೊಂದಕ್ಕೆ ಇಲ್ಲ.

ಮಲೇಷ್ಯಾದ ಒಂದು ಕಥೆ ಹೇಳಲೇಬೇಕು. ತಾಳೆ ಎಣ್ಣೆಯ ಮರ ಮೂಲತಃ ಆಫ್ರಿಕಾದ್ದು. ಮಲೇಷ್ಯಾದವರು ಮರ ತಂದರು, ದೊಡ್ಡ ದೊಡ್ಡ ತೋಟ ಮಾಡಿದರು. ಗಾಳಿಯಿಂದಲೇ ಪರಾಗ ಸಾಗುತ್ತದೆ ಅನ್ನುವುದು ಆಗಿನ ನಂಬಿಕೆ. ಹಣ್ಣು ಮಾತ್ರ ಸರಿಯಾಗಿ ಕಟ್ಟುತ್ತಿರಲಿಲ್ಲ. ಕೂಲಿಯಾಳುಗಳನ್ನು ಇಟ್ಟು ಕೈಯಿಂದ ಪರಾಗ ಹಾಕಿಸುತ್ತಿದ್ದರು. ಆಮೇಲೆ ಆಫ್ರಿಕಾದಲ್ಲಿ ಹೋಗಿ ನೋಡಿದರೆ, ಅಲ್ಲಿ ಈ ಕೆಲಸ ಮಾಡುತ್ತಿದ್ದುದು ಒಂದು ಸಣ್ಣ ಮೂತಿಹುಳ. 1981ರಲ್ಲಿ ಆ ಹುಳವನ್ನು ಕ್ಯಾಮರೂನಿನಿಂದ ತಂದು ಮಲೇಷ್ಯಾದ ತೋಟಗಳಿಗೆ ಬಿಟ್ಟರು. ಗೊನೆ ತುಂಬಿತು, ಕೈಯಿಂದ ಪರಾಗ ಹಾಕಿಸುವ ಕೆಲಸ ನಿಂತಿತು. ಅಕ್ಕಿ ಚೀಲದಲ್ಲಿ ಕಂಡರೆ ನಾವು ಬಿಸಿಲಿಗೆ ಹಾಕಿ ಓಡಿಸುತ್ತೇವಲ್ಲ, ಅದರ ಬಳಗದ ಹುಳ. ಇವತ್ತು ನಿಮ್ಮ ಬಿಸ್ಕತ್ತು, ಸೋಪು, ಕರಿದ ಕುರುಕಲಿನ ಹಿಂದೆ ಅದರ ದುಡಿಮೆ ಇದೆ. ‘ಸೇವ್ ದಿ ಬೀಸ್’ ಅಂತ ಬರೆದ ಟೀ ಶರ್ಟು ಸಿಗುತ್ತದೆ. ಮೂತಿಹುಳದ ಟೀ ಶರ್ಟು ಯಾರೂ ಹಾಕುವುದಿಲ್ಲ.

ಆಗ ಒಬ್ಬರು ಕೇಳಿದರು: ‘ಸರ್, ಕುಂಬಳ ಬಳ್ಳಿಯಲ್ಲಿ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನಾನೇ ತಾಗಿಸ್ತೀನಿ. ಹಾಗಾದ್ರೆ ನಾನೂ ಪಾಲಿನೇಟರ್ರಾ?’

ಖಂಡಿತ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ವೆನಿಲ್ಲಾ ಬೆಳೆ ಪೂರ್ತಿ ಹಾಗೇ ನಿಂತಿದೆ. ಅದರ ತವರು ಮೆಕ್ಸಿಕೊ ಕಡೆ. ಅಲ್ಲಿಂದ ಹೊರಗೆ ಒಯ್ದ ಬಳ್ಳಿ ಹೂ ಬಿಡುತ್ತಿತ್ತು, ಕಾಯಿ ಬಿಡುತ್ತಿರಲಿಲ್ಲ. 1841ರಲ್ಲಿ ರೆಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಅನ್ನುವ ಹುಡುಗ, ಆಗ ಅವನಿಗೆ 12 ವರ್ಷ, ಗುಲಾಮನಾಗಿದ್ದವನು, ಒಂದು ಕಡ್ಡಿಯಿಂದ ಹೂವಿನೊಳಗಿನ ತೆಳು ಪೊರೆ ಎತ್ತಿ ಹೆಬ್ಬೆರಳಲ್ಲಿ ಪರಾಗ ಒತ್ತುವ ಉಪಾಯ ಕಂಡುಹಿಡಿದ. ನಮ್ಮ ಮಲೆನಾಡಿನಲ್ಲಿ ವೆನಿಲ್ಲಾ ಬೆಲೆ ಆಕಾಶಕ್ಕೆ ಏರಿದ್ದ ಕಾಲದಲ್ಲಿ ಬೆಳಗಾದರೆ ಮನೆಮಂದಿಯೆಲ್ಲ ಕಡ್ಡಿ ಹಿಡಿದು ಬಳ್ಳಿ ಮುಂದೆ ನಿಲ್ಲುತ್ತಿದ್ದರು. ಹೂವು ಒಂದೇ ಬೆಳಗ್ಗೆ ಅರಳಿರುತ್ತದೆ, ಆ ಹೊತ್ತು ತಪ್ಪಿದರೆ ಹೋಯಿತು. ಅದೇ ಹುಡುಗನ ವಿದ್ಯೆ. ಬೆಲೆ ಆಮೇಲೆ ನೆಲಕಚ್ಚಿದ್ದು ಬೇರೆ ಕಥೆ, ಅದನ್ನು ಎತ್ತಿದರೆ ಇಲ್ಲಿ ಯಾರಿಗಾದರೂ ಹೊಟ್ಟೆ ಉರಿದೀತು.

ಈಗ ಇಂಗ್ಲಿಷ್ ಬಳಕೆಯ ಒಂದು ಸೂಕ್ಷ್ಮಕ್ಕೆ ಬರುತ್ತೇನೆ. 2014ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಒಂದು ಆದೇಶ ಹೊರಡಿಸಿದರು. ಅದರ ತಲೆಬರಹದಲ್ಲಿ ‘ಹನಿ ಬೀಸ್ ಅಂಡ್ ಅದರ್ ಪಾಲಿನೇಟರ್ಸ್’ ಅಂತಿದೆ. ಜೇನು ಮತ್ತು ಇತರ ಪಾಲಿನೇಟರ್‌ಗಳು. ನಮ್ಮ ದೇಶದ ಕೃಷಿ ಸಂಶೋಧನಾ ಪರಿಷತ್ತಿನ ಅಡಿಯಲ್ಲಿ ಜೇನಿನ ಮೇಲೆ ಒಂದು ಅಖಿಲ ಭಾರತ ಯೋಜನೆ ನಡೆಯುತ್ತದೆ, ಅದರ ಒಂದು ಕೇಂದ್ರ ಇಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದೆ. ಆ ಯೋಜನೆಯ ಹೆಸರಿನ ಕೊನೆಗೆ ‘ಹನಿ ಬೀಸ್ ಅಂಡ್ ಪಾಲಿನೇಟರ್ಸ್’ ಅಂತ ಮಾತ್ರ ಇದೆ. ‘ಅದರ್’ ಇಲ್ಲ. ಬರೆದ ಹಾಗೇ ಓದಿದರೆ ಜೇನು ಒಂದು ಕಡೆ, ಪಾಲಿನೇಟರ್ ಇನ್ನೊಂದು ಕಡೆ ಅಂತಾಗುತ್ತದೆ. ಇದು ತಪ್ಪು ಅಂತ ನಾನು ಜಗಳಕ್ಕೆ ಹೋಗುವುದಿಲ್ಲ. ನನಗೆ ಇದರಲ್ಲಿ ಒಂದು ಪ್ರಾಮಾಣಿಕತೆಯೂ ಕಾಣುತ್ತದೆ. ಜೇನು ಸಾಕುವುದು ಒಂದು ಉದ್ಯೋಗ. ಪೆಟ್ಟಿಗೆ, ತುಪ್ಪ, ಮೇಣ, ಮಾರಾಟ ಎಲ್ಲ ಅದರಲ್ಲಿ ಬರುತ್ತದೆ. ಪರಾಗಸ್ಪರ್ಶ ಬೇರೆಯದೇ ವಿಷಯ. ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿದ್ದಾರೆ ಅಷ್ಟೇ.

ಇನ್ನೊಂದು ಗೊಂದಲ ನರ್ಸರಿಯವರದ್ದು. ಇಂಗ್ಲಿಷಿನಲ್ಲಿ ಪಾಲಿನೇಟರ್ ಅಂತ ಒಂದು ಪದ, ಪಾಲಿನೈಸರ್ ಅಂತ ಇನ್ನೊಂದು. ಮೊದಲನೆಯದು ಪರಾಗ ಸಾಗಿಸುವ ಪ್ರಾಣಿ. ಎರಡನೆಯದು ಪರಾಗ ಕೊಡುವ ಗಿಡ. ಹಿಮಾಚಲದ ಸೇಬಿನ ತೋಟಗಳಲ್ಲಿ ಒಂದೇ ತಳಿ ನೆಟ್ಟರೆ ಕಾಯಿ ಕಚ್ಚುವುದು ಕಡಿಮೆ, ಅದಕ್ಕೆ ನಡುನಡುವೆ ಗೋಲ್ಡನ್ ಡೆಲಿಷಿಯಸ್‌ನಂಥ ಬೇರೆ ತಳಿ ನೆಡುತ್ತಾರೆ. ಆ ಮರ ಪಾಲಿನೈಸರ್. ಹೂ ಬಿಡುವ ಕಾಲಕ್ಕೆ ಬಾಡಿಗೆಗೆ ತರುವ ಪೆಟ್ಟಿಗೆಯ ಜೇನು ಪಾಲಿನೇಟರ್. ಹಳ್ಳಿಯಲ್ಲಿ ಪರಂಗಿ ಹಾಕುವವರು ಅಲ್ಲೊಂದು ಇಲ್ಲೊಂದು ಗಂಡು ಗಿಡ ಉಳಿಸುತ್ತಾರಲ್ಲ, ಲೆಕ್ಕ ಅದೇ. ನರ್ಸರಿಯಲ್ಲಿ ‘ಪಾಲಿನೇಟರ್ ಪ್ಲಾಂಟ್’ ಅಂದರೆ ಚಿಟ್ಟೆ ಬರುವ ಗಿಡವೋ, ಗಂಡು ಗಿಡವೋ ಅಂತ ಕೇಳಿಯೇ ದುಡ್ಡು ಕೊಡಿ.

ಸಂಖ್ಯೆಗಳಿಗೆ ಬರೋಣ. 2016ರಲ್ಲಿ ಐಪಿಬಿಇಎಸ್ ಅನ್ನುವ ಅಂತರರಾಷ್ಟ್ರೀಯ ವೇದಿಕೆ ಒಂದು ದೊಡ್ಡ ವರದಿ ಕೊಟ್ಟಿತು. ಪ್ರಪಂಚದ ಮುಖ್ಯ ಆಹಾರ ಬೆಳೆಗಳ ಬಗೆಗಳಲ್ಲಿ 75% ಸ್ವಲ್ಪವಾದರೂ ಪ್ರಾಣಿಗಳಿಂದ ಆಗುವ ಪರಾಗಸ್ಪರ್ಶವನ್ನು ನೆಚ್ಚಿವೆ ಅಂತ ಅದರಲ್ಲಿದೆ. ತೂಕದ ಲೆಕ್ಕ ಹಾಕಿದರೆ, ಒಟ್ಟು ಇಳುವರಿಯಲ್ಲಿ ಇಂಥ ಬೆಳೆಗಳ ಪಾಲು 35%. ಎರಡೂ ಬೇರೆ ಬೇರೆ ಲೆಕ್ಕ. ಫಾರ್ವರ್ಡುಗಳಲ್ಲಿ ಎರಡೂ ಸೇರಿ ‘ನಮ್ಮ ಊಟದ ಮುಕ್ಕಾಲು ಭಾಗ ಜೇನು ಕೊಟ್ಟದ್ದು’ ಅಂತ ಆಗಿಬಿಡುತ್ತದೆ. ವರದಿ ಹೇಳಿದ್ದು ಪಾಲಿನೇಟರ್ ಬಗ್ಗೆ, ಓದಿದವರಿಗೆ ಕಂಡದ್ದು ಜೇನು. ನಮ್ಮ ತಟ್ಟೆ ನೋಡಿ. ರಾಗಿ ಮುದ್ದೆಗೆ ಯಾವ ಹುಳದ ಹಂಗೂ ಇಲ್ಲ. ಅಕ್ಕಿಗೂ ಇಲ್ಲ. ಸಾರಿಗೆ ಬನ್ನಿ, ಹುಣಸೆ, ಕೊತ್ತಂಬರಿ ಬೀಜ, ಕುಂಬಳದ ಹೋಳು, ಅಲ್ಲಿಂದ ಹಂಗು ಶುರು.

ಜೇನು ಮಾಯವಾದರೆ ಮನುಷ್ಯನಿಗೆ ನಾಲ್ಕೇ ವರ್ಷ ಅಂತ ಐನ್‌ಸ್ಟೈನ್ ಹೆಸರಲ್ಲಿ ಒಂದು ಮಾತು ಓಡಾಡುತ್ತದೆ. ಅವರು ಹಾಗೆ ಹೇಳಿದ್ದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ. ದಯವಿಟ್ಟು ಕಳಿಸುವುದು ನಿಲ್ಲಿಸಿ.

ಇನ್ನೊಂದು ಅಧ್ಯಯನ 2013ರದ್ದು. ಬೇರೆ ಬೇರೆ ಖಂಡಗಳ 600 ಹೊಲಗಳಲ್ಲಿ, 41 ಬೆಳೆ ಪದ್ಧತಿಗಳಲ್ಲಿ ಲೆಕ್ಕ ತೆಗೆದರು. ಕಾಡು ಕೀಟಗಳ ಭೇಟಿ ಹೆಚ್ಚಿದಾಗ ಕಾಯಿ ಕಚ್ಚುವುದು ಎಷ್ಟು ಹೆಚ್ಚುತ್ತದೋ, ಜೇನಿನ ಭೇಟಿ ಅಷ್ಟೇ ಹೆಚ್ಚಿದಾಗ ಅದರ ಅರ್ಧದಷ್ಟು ಮಾತ್ರ ಹೆಚ್ಚುತ್ತದೆ ಅಂತ ಕಂಡುಬಂತು. ಸಾಕಿದ ಜೇನು ಕಾಡು ಕೀಟಗಳ ಜಾಗ ತುಂಬಲಾರದು ಅನ್ನುವುದು ಅವರ ತೀರ್ಮಾನ. ಜೇನು ಕಳೆದುಹೋಗುತ್ತಿದೆ ಅನ್ನುವ ಗಾಬರಿ ಶುರುವಾಗಿದ್ದು 2006ರ ಚಳಿಗಾಲದಲ್ಲಿ, ಅಮೆರಿಕದ ಪೆಟ್ಟಿಗೆಗಳು ಇದ್ದಕ್ಕಿದ್ದಂತೆ ಖಾಲಿಯಾದಾಗ. ಆದರೆ 1961ರಿಂದ 2007ರವರೆಗೆ ಪ್ರಪಂಚದಲ್ಲಿ ಸಾಕುವ ಜೇನು ಕುಟುಂಬಗಳ ಸಂಖ್ಯೆ ಸುಮಾರು 45% ಏರಿತ್ತು. ಯಾವ ಬೀ, ಎಲ್ಲಿಯ ಬೀ ಅಂತ ಕೇಳದಿದ್ದರೆ ಈ ಎರಡೂ ಸುದ್ದಿ ಒಂದಕ್ಕೊಂದು ಹೊಡೆದಾಡುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಈಗ ಇಂಗ್ಲಿಷಿನಲ್ಲಿ ಬರೆಯುವ ತಿಳಿದವರು ‘ಹನಿ ಬೀ ಬಗ್ಗೆ ಚಿಂತೆ ಬೇಡ, ಅದು ಸಾಕುಪ್ರಾಣಿ’ ಅನ್ನುತ್ತಾರೆ. ಅವರ ಊರಿನ ಮಟ್ಟಿಗೆ ಆ ಮಾತಿಗೆ ಅರ್ಥ ಇದೆ. ಅಮೆರಿಕಕ್ಕೆ ಜೇನು ಹೋಗಿದ್ದೇ ಯುರೋಪಿನವರ ಹಡಗಿನಲ್ಲಿ. ಲಂಡನ್ನಿನಲ್ಲಿ ಮಹಡಿ ಮಹಡಿಗೂ ಪೆಟ್ಟಿಗೆ ಇಟ್ಟು ಹೂ ಸಾಲದೆ ಹೋಗಿದೆ. ಅದನ್ನೇ ಕನ್ನಡಕ್ಕೆ ಇಳಿಸಿ ಬೆಂಗಳೂರಿಗೆ ಅನ್ವಯಿಸಿದರೆ ಎಡವಟ್ಟು. ನಮ್ಮ ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ನಾಲ್ಕೂ ಇಲ್ಲಿಯವೇ, ನಾಲ್ಕೂ ಕಾಡಿನಲ್ಲಿ ತಮ್ಮ ಪಾಡಿಗೆ ಬದುಕುವವು. ಹೊರಗಿನಿಂದ ಬಂದದ್ದು ಇಟಾಲಿಯನ್ ಜೇನು ಒಂದೇ. ಅದು ಈ ದೇಶದಲ್ಲಿ ನೆಲೆ ನಿಂತದ್ದು 1962ರಲ್ಲಿ, ಹಿಮಾಚಲದ ನಗ್ರೋಟಾದಲ್ಲಿ. ತುಡುವೆಗಂತೂ 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ಕರ್ನಾಟಕ, ಕೇರಳದ ಸಾಕಣೆದಾರರ ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾಯಿತು. ಮಲೆನಾಡಿನಲ್ಲಿ ಹಿರಿಯರನ್ನು ಕೇಳಿ, ಹೇಳುತ್ತಾರೆ. ಹೆಜ್ಜೇನು ಸಾಕುವುದಕ್ಕೆ ಆಗುವುದೇ ಇಲ್ಲ. ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದ ಆಲದ ಮರದಲ್ಲಿ ನೂರಾರು ಹೆಜ್ಜೇನು ಹುಟ್ಟು ಒಟ್ಟಿಗೆ ನೇತಾಡುತ್ತವೆ. ಅದನ್ನು ಸಾಕುಪ್ರಾಣಿ ಅಂತ ಕರೆಯುವ ಧೈರ್ಯ ಇರುವವರು ಮರದ ಕೆಳಗೆ ಹೋಗಿ ಕರೆಯಲಿ.

ಔಷಧಿ ಬಾಟಲಿಯ ವಿಷಯ. ‘ಬೀ ಸೇಫ್’ ಅಂತ ಬರೆದಿರುತ್ತದೆ. ಕೀಟನಾಶಕ ಜೇನಿಗೆ ಎಷ್ಟು ವಿಷ ಅಂತ ಪರೀಕ್ಷೆ ಮಾಡುವಾಗ ಹೆಚ್ಚಾಗಿ ಬಳಸುವುದು ಇಟಾಲಿಯನ್ ಜೇನನ್ನೇ. ಅದು ಪೆಟ್ಟಿಗೆಯಲ್ಲಿ ಇರುತ್ತದೆ. ಒಂಟಿ ಜೇನುಗಳಲ್ಲಿ ಹೆಚ್ಚಿನವು ಇರುವುದು ನೆಲದ ಬಿಲದಲ್ಲಿ. ಮಣ್ಣಿಗೆ ಇಳಿದ ಔಷಧಿ ಅವುಗಳ ಮನೆಯೊಳಗೇ ಇಳಿಯುತ್ತದೆ. ‘ಬೀ’ ಅನ್ನುವ ಒಂದಕ್ಷರ ಒಂದು ಹುಳದ ಪರೀಕ್ಷೆಯ ಫಲಿತಾಂಶವನ್ನು ಇಪ್ಪತ್ತು ಸಾವಿರ ಹುಳಗಳ ತಲೆಗೆ ಕಟ್ಟುತ್ತದೆ. ಚಿಟ್ಟೆ, ಜೀರುಂಡೆ, ನೊಣದ ಮಾತಂತೂ ಬರುವುದೇ ಇಲ್ಲ.

ನೆಲದ ಬಿಲ ಅಂದೆ. ನಮ್ಮ ಬಡಾವಣೆಗಳಲ್ಲಿ ಬರಿ ಮಣ್ಣು ಎಲ್ಲಿದೆ ಹೇಳಿ? ಗೇಟಿನಿಂದ ಹಿತ್ತಲವರೆಗೆ ಟೈಲ್ಸು, ಇಲ್ಲವೇ ಇಂಟರ್‌ಲಾಕ್. ಪಾರ್ಕಿಗೆ ಹೋದರೆ ಹುಲ್ಲುಹಾಸು. ಒಂದು ಮೂಲೆಯಲ್ಲಿ ನಾಲ್ಕು ಅಡಿ ಮಣ್ಣನ್ನು ಅಗೆಯದೆ, ಮುಚ್ಚದೆ ಬಿಟ್ಟರೆ ಪೆಟ್ಟಿಗೆ ಇಟ್ಟಿದ್ದಕ್ಕಿಂತ ಜಾಸ್ತಿ ಜಾತಿಯ ಜೇನು ಬರುತ್ತವೆ.

ನಿಮ್ಮ ಗುಲಾಬಿ ಎಲೆಯ ಅಂಚಿನಲ್ಲಿ ಕಂಪಾಸಿನಲ್ಲಿ ಗೆರೆ ಎಳೆದು ಕತ್ತರಿಸಿದ ಹಾಗೆ ಗುಂಡಗೆ ತುಂಡು ಹೋಗಿರುವುದನ್ನು ನೋಡಿದ್ದೀರಾ? ಕೈ ಎತ್ತಿ. ಸುಮಾರು ಜನ ಇದ್ದೀರಿ. ಏನು ಮಾಡಿದಿರಿ? ಬೇವಿನೆಣ್ಣೆ ಹೊಡೆದಿರಿ, ಅಲ್ವಾ? ಅದು ಎಲೆಕತ್ತರಿ ಜೇನಿನ ಕೆಲಸ. ಎಲೆ ತಿನ್ನುವುದಕ್ಕಲ್ಲ. ಆ ತುಂಡುಗಳನ್ನು ಒಯ್ದು, ಗೋಡೆಯ ತೂತಿನಲ್ಲೋ ಹಳೆ ಪೈಪಿನಲ್ಲೋ ಸುರುಳಿ ಸುತ್ತಿ, ಒಳಗೆ ಪರಾಗದ ಉಂಡೆ ಇಟ್ಟು, ಅದರ ಮೇಲೆ ಮೊಟ್ಟೆ ಇಡುತ್ತದೆ. ಇದೇ ಬಳಗದ ಜೇನುಗಳು ಕಲಬುರಗಿ ಕಡೆಯ ತೊಗರಿ ಹೊಲಗಳಲ್ಲಿ ಗಿಡದಿಂದ ಗಿಡಕ್ಕೆ ಪರಾಗ ಸಾಗಿಸುತ್ತವೆ. ಹೂವಿನ ಮೇಲೆ ಕಂಡರೆ ಪಾಲಿನೇಟರ್ ಅಂತ ಫೋಟೊ ತೆಗೆಯುತ್ತೇವೆ, ಎಲೆಯ ಮೇಲೆ ಕಂಡರೆ ಪೆಸ್ಟ್ ಅಂತ ಔಷಧಿ ಹೊಡೆಯುತ್ತೇವೆ.

ಫೋಟೊ ಅಂದಾಗ ನೆನಪಾಯಿತು. ನೀವು ಗ್ರೂಪಿನಲ್ಲಿ ಹಾಕುವ ‘ಬೀ’ ಚಿತ್ರಗಳಲ್ಲಿ ಸಾಕಷ್ಟು ನೊಣಗಳೇ. ಹಳದಿ–ಕಪ್ಪು ಪಟ್ಟೆ ಇರುವ ಹೂನೊಣ, ಇಂಗ್ಲಿಷಿನ ಹೋವರ್‌ಫ್ಲೈ. ಜೇನಿನ ವೇಷ ಹಾಕಿದರೆ ಹಕ್ಕಿ ತಂಟೆಗೆ ಬರುವುದಿಲ್ಲ ಅನ್ನುವುದು ಅದರ ಉಪಾಯ. ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡು. ರೆಕ್ಕೆ ಎಣಿಸಲು ಆಗದಿದ್ದರೆ ಮುಖ ನೋಡಿ. ಮುಖದ ತುಂಬಾ ಕಣ್ಣು, ಮೀಸೆ ಮೊಟಕು ಅಂದರೆ ನೊಣ. ಆದರೂ ಬೇಜಾರು ಬೇಡ. ನೀವು ಚಿತ್ರದ ಕೆಳಗೆ ‘ಬೀ’ ಅಂತ ಹಾಕಿದ್ದು ತಪ್ಪು, ‘ಪಾಲಿನೇಟರ್’ ಅಂತ ಹಾಕಿದ್ದರೆ ಬಹುಶಃ ಸರಿ. ಬಹುಶಃ ಯಾಕೆ ಅಂತ ಈಗ ನಿಮಗೇ ಗೊತ್ತು. ಹೂವಿನ ಮೇಲೆ ಕೂತಿದ್ದು ಮಾತ್ರ ಚಿತ್ರದಲ್ಲಿದೆ. ಪರಾಗ ಮುಟ್ಟಿಸಿತೋ ಇಲ್ಲವೋ ಚಿತ್ರ ಹೇಳುವುದಿಲ್ಲ. ವಿಜ್ಞಾನಿಗಳು ಅದಕ್ಕೇ ಮೊದಲು ‘ಫ್ಲವರ್ ವಿಸಿಟರ್’, ಹೂವಿಗೆ ಬಂದ ಅತಿಥಿ, ಅಂತ ಬರೆದುಕೊಳ್ಳುತ್ತಾರೆ. ಒಂದೇ ಸಲ ಭೇಟಿಯಾದ ಹೂವಿಗೆ ಪರದೆ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಡ್ತಿ ಕೊಡುತ್ತಾರೆ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದರು: ‘ನಮ್ಮ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಹೆಜ್ಜೇನು ಕಟ್ಟಿದೆ ಸರ್. ಅಸೋಸಿಯೇಷನ್‌ನವರು ಪೆಸ್ಟ್ ಕಂಟ್ರೋಲ್ ಕರೆಸ್ತೀವಿ ಅಂತಿದಾರೆ. ನಾನು, ಅದು ಪಾಲಿನೇಟರ್ ಅಂದೆ. ನಮ್ಮ ಗಾರ್ಡನ್‌ಗೇನು ಉಪಯೋಗ ಅಂತ ಕೇಳಿದ್ರು. ಏನ್ ಹೇಳ್ಲಿ?’

ನಿಮ್ಮ ಗಾರ್ಡನ್ನಿನ ಟೊಮೇಟೊ, ಬದನೆಗೆ ಏನೂ ಇಲ್ಲ ಅಂತ ನಿಜವನ್ನೇ ಹೇಳಿ. ಗೇಟಿನ ಮುಂದೆ ಹೊಂಗೆ ಮರ ಇದ್ದರೆ ಅದಕ್ಕೆ ಇದೆ. ಆಚೆ ಕೆರೆ ದಂಡೆಯ ಹುಣಸೆಗೆ ಇದೆ. ಹೆಜ್ಜೇನು ಕಿಲೋಮೀಟರ್‌ಗಟ್ಟಲೆ ಹೋಗಿ ಮೇಯುವ ಹುಳ, ನಿಮ್ಮ ಕಾಂಪೌಂಡಿನ ಲೆಕ್ಕ ಅದಕ್ಕಿಲ್ಲ. ಅಸೋಸಿಯೇಷನ್‌ನವರಿಗೆ ಇನ್ನೂ ಒಂದು ಮಾತು ಹೇಳಿ. ಹೆಜ್ಜೇನು ವಲಸೆ ಹೋಗುವ ಜಾತಿ, ಹೂವಿನ ಕಾಲ ಮುಗಿದರೆ ತಾನೇ ಗೂಡು ಬಿಟ್ಟು ಹೊರಡುತ್ತದೆ. ಅಲ್ಲಿವರೆಗೆ ಆ ಬಾಲ್ಕನಿಯ ದೀಪ ರಾತ್ರಿ ಹಾಕಬೇಡಿ, ಬೆಳಕಿಗೆ ಒಳಗೆ ಬಂದುಬಿಡುತ್ತವೆ. ಕಿಟಕಿಗೆ ದಪ್ಪ ಪರದೆ ಇರಲಿ. ಹೊಗೆ ಹಾಕುವುದು, ಕಲ್ಲು ಹೊಡೆಯುವುದು, ಪಟಾಕಿ, ಇವು ಬೇಡವೇ ಬೇಡ. ಮಕ್ಕಳು ಆಡುವ ಜಾಗಕ್ಕೆ ತೀರಾ ಹತ್ತಿರ ಇದ್ದರೆ, ಸಾಯಿಸದೆ ಹುಟ್ಟು ತೆಗೆಯುವುದನ್ನು ಬಲ್ಲವರನ್ನೇ ಕರೆಸಿ, ಅದೂ ಕತ್ತಲಾದ ಮೇಲೆ.